ಏಳನೇ ಗುಂಪಿನ ಮಿತಿ

ಗದಗಿನಲ್ಲಿ ಅದನ್ನು ಯಾರೂ ಸರಕಾರಿ ಹೆಸರಿನಿಂದ ಕರೆಯುವುದಿಲ್ಲ. ಬೋರ್ಡಿನ ಮೇಲೆ ‘ಪ್ರಾದೇಶಿಕ ಸ್ಮೃತಿ ಸಂಗ್ರಹಣಾ ಮತ್ತು ವಿತರಣಾ ಕೇಂದ್ರ’ ಎಂದು ಬರೆದಿದೆ. ಅಷ್ಟುದ್ದ ಓದಿ ಮುಗಿಸುವಷ್ಟರಲ್ಲಿ ಬಸ್ಸು ಮುಂದಿನ ಸ್ಟಾಪಿನಲ್ಲಿರುತ್ತದೆ. ಜನ ಅದಕ್ಕೆ ಹಗೇವು ಎನ್ನುತ್ತಾರೆ. ಹಿಂದೆ ನಮ್ಮ ಕಡೆ ನೆಲದಲ್ಲಿ ಗುಂಡಿ ತೋಡಿ ಜೋಳ ತುಂಬಿ ಬಾಯಿ ಮುಚ್ಚಿಡುತ್ತಿದ್ದರಲ್ಲ, ಆ ಹಗೇವು. ಈಗ ಕಪ್ಪತಗುಡ್ಡದ ಗಾಳಿಯಂತ್ರಗಳ ಕರೆಂಟು ತಿನ್ನುತ್ತ, ಮೂರು ಅಂತಸ್ತು ನೆಲದೊಳಗೆ, ಜೋಳದ ಬದಲು ಆರು ಸಾವಿರ ಜನರ ನೆನಪು ಕೂತಿದೆ. ಅದರ ಬಾಯಿ ಕಾಯುವವನು ನಾನು, ವಿರೂಪಾಕ್ಷ ಹೂಗಾರ.

ಮರೆವಿನ ರೋಗ ಐವತ್ತು ದಾಟುವ ಮೊದಲೇ ಜನರನ್ನು ಹಿಡಿಯತೊಡಗಿದ ಮೇಲೆ ಈ ಹಗೇವುಗಳು ಹುಟ್ಟಿಕೊಂಡವು. ರೋಗ ಮೊಳಕೆಯಲ್ಲಿರುವಾಗಲೇ ಡಾಕ್ಟರು ಕಿವಿಯ ಹಿಂದೆ ಹುಣಸೆಬೀಜದಷ್ಟು ಯಂತ್ರ ಕೂರಿಸುತ್ತಾರೆ. ಅದು ಎರಡು ಮೂರು ತಿಂಗಳು ಆ ಮನುಷ್ಯನ ನೆನಪನ್ನೆಲ್ಲ ನಮ್ಮಲ್ಲಿಗೆ ಕಳಿಸುತ್ತದೆ. ನಾವು ಅವನ ಹೆಸರಿನಲ್ಲಿ ಒಂದು ವಾಲ್ಯೂಮ್ ತೆರೆದು ತುಂಬಿಡುತ್ತೇವೆ. ಆಮೇಲೆ ತಲೆಯೊಳಗಿನದು ಅಳಿಸಿಹೋದಂತೆ, ಅವನು ಏನನ್ನಾದರೂ ನೆನೆಯಲು ಹೊರಟಾಗ ಯಂತ್ರ ಹಗೇವನ್ನು ಕೇಳುತ್ತದೆ, ಹಗೇವು ಕೊಡುತ್ತದೆ. ಹೊಸದಾಗಿ ನಡೆದದ್ದೂ ಅದೇ ದಾರಿಯಲ್ಲಿ ಬಂದು ಇಲ್ಲೇ ಸೇರುತ್ತದೆ.

ಕೇಳಲು ಚೆನ್ನಾಗಿದೆ. ಆದರೆ ದಾರಿ ಒಂದೇ, ನಡೆಯುವವರು ಆರು ಸಾವಿರ. ಅದಕ್ಕೇ ಎಲ್ಲರ ವಾಲ್ಯೂಮುಗಳನ್ನೂ ಗುಂಪು ಮಾಡಿ, ಒಂದೊಂದು ಗುಂಪಿಗೂ ಇಷ್ಟೇ ವೇಗ ಎಂದು ಮಿತಿ ಹಾಕಿದ್ದಾರೆ. ಆ ಮಿತಿ ಹಾಕುವುದು, ತೆಗೆಯುವುದು, ಒಬ್ಬರನ್ನು ಈ ಗುಂಪಿನಿಂದ ಆ ಗುಂಪಿಗೆ ಸಾಗಿಸುವುದು ನನ್ನ ಕೆಲಸ. ಬಟನ್ನು, ಚಿತ್ರ ಏನೂ ಇಲ್ಲ. ಕಪ್ಪು ಸ್ಕ್ರೀನು, ಮಿಣುಕುವ ಒಂದು ಗೆರೆ, ನಾನು ಟೈಪ್ ಮಾಡುವ ಸಾಲು. ಆ ಕಮಾಂಡುಗಳನ್ನು ಯಾವುದೋ ಸಮಿತಿ ಕನ್ನಡದಲ್ಲಿ ಮಾಡಿಕೊಟ್ಟಿದೆ. ಸಮಿತಿಯವರು ಗುಂಪು ಎನ್ನಲು ನಾಚಿಕೊಂಡು ‘ಸಮೂಹ’ ಎಂದಿದ್ದಾರೆ. ಅಕ್ಷರ ತಪ್ಪಿದರೆ ಯಂತ್ರ ‘ಆದೇಶ ಅಸಿಂಧು’ ಎಂದು ತಹಶೀಲ್ದಾರರ ಹಾಗೆ ಗದರುತ್ತದೆ.

ನನ್ನ ಹೆಂಡತಿ ಕಸ್ತೂರಿಯ ವಾಲ್ಯೂಮಿನ ನಂಬರು 4471. ಮೂರನೇ ಗುಂಪು.

ಅವಳು ಗದಗ–ಮುಂಡರಗಿ ಬಸ್ಸಿನಲ್ಲಿ ಇಪ್ಪತ್ತನಾಲ್ಕು ವರ್ಷ ಕಂಡಕ್ಟರ್ ಆಗಿದ್ದವಳು. ಎರಡು ಬೆರಳ ನಡುವೆ ಪೆನ್ನು, ಬಾಯಲ್ಲಿ ಸೀಟಿ, ಒಂದು ಕಂಬಕ್ಕೆ ಬೆನ್ನು ಕೊಟ್ಟು ನಿಂತಳೆಂದರೆ ಇಡೀ ಬಸ್ಸು ಅವಳ ಮನೆ. ಡಂಬಳದಲ್ಲಿ ಹತ್ತಿದವರು ಯಾರ ಸೊಸೆ, ಯಾರ ಅಳಿಯ, ಯಾರು ಆಸ್ಪತ್ರೆಗೆ, ಯಾರು ಕೋರ್ಟಿಗೆ ಎಂದು ಮುಖ ನೋಡಿಯೇ ಹೇಳುತ್ತಿದ್ದಳು. ನಾನು ನನ್ನ ಸ್ವಂತ ಷಡ್ಡಕನ ಹೆಸರನ್ನು ಮದುವೆಮನೆಯಲ್ಲಿ ಮರೆತು ಬೈಸಿಕೊಂಡವನು. ನಲವತ್ತೊಂಬತ್ತಕ್ಕೆ ಮರೆವು ಬಂದದ್ದು ನನಗಲ್ಲ, ಅವಳಿಗೆ. ಇದಕ್ಕೆ ಏನನ್ನಬೇಕೋ ನನಗಿನ್ನೂ ತಿಳಿದಿಲ್ಲ.

ಮೂರನೇ ಗುಂಪಿನ ಮಿತಿ ಹನ್ನೆರಡು. ಬೇರೆಯವರಿಗೆ ಅದು ಸಾಕು. ಕಸ್ತೂರಿಗೆ ಸಾಲದು. ಅವಳ ತಲೆ ಒಂದು ಮುಖ ಕಂಡ ಕೂಡಲೇ ಇಪ್ಪತ್ತನಾಲ್ಕು ವರ್ಷದ ಎಲ್ಲ ಪ್ಯಾಸೆಂಜರುಗಳ ಮುಖವನ್ನೂ ತರಿಸಿ ಹೋಲಿಸಿ ನೋಡುತ್ತದೆ. ಅದು ಅವಳ ಚಾಳಿ. ಲಕ್ಷಗಟ್ಟಲೆ ಮುಖಗಳು ಹನ್ನೆರಡರ ವೇಗದಲ್ಲಿ ಬಂದು, ಅವುಗಳಲ್ಲಿ ನನ್ನದು ಸಿಕ್ಕು, ಇವನು ಗಂಡ ಎಂದು ಹೊಳೆಯಲು ಒಂದು ನಿಮಿಷ ಹತ್ತು ಸೆಕೆಂಡು ಬೇಕು.

ಪ್ರತಿ ಬೆಳಿಗ್ಗೆ ಚಹಾದ ಕಪ್ಪು ಹಿಡಿದು ಅವಳ ಮುಂದೆ ನಿಲ್ಲುತ್ತಿದ್ದೆ.

“ಯಾರ್ರೀ ನೀವು? ಒಳಗ ಹೆಂಗ ಬಂದ್ರಿ?”

ಉತ್ತರ ಕೊಡಬಾರದು ಎಂದು ಡಾಕ್ಟರು ಹೇಳಿದ್ದರು. ಹೊರಗಿನಿಂದ ಹೇಳಿಕೊಟ್ಟರೆ ಹುಡುಕಾಟ ಕಲಸಿಹೋಗುತ್ತದಂತೆ. ಸುಮ್ಮನೆ ನಿಂತು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಎಪ್ಪತ್ತರ ಹತ್ತಿರ ಬಂದಾಗ ಅವಳ ಹುಬ್ಬಿನ ಗಂಟು ಸಡಿಲವಾಗುತ್ತಿತ್ತು.

“ಅಯ್ಯ, ನೀವಾ! ಚಾ ಆರಾಕತ್ತೈತಿ, ತರ್ರಿ ಇತ್ತಾಗ.”

ನಾನು ಅಡುಗೆಮನೆಗೆ ಹೋಗಿ ಬಿಸ್ಕತ್ತು ತಂದರೆ ಮತ್ತೆ ಮೊದಲಿನಿಂದ.

ಇಷ್ಟಾದರೆ ಸಹಿಸಿಕೊಳ್ಳುತ್ತಿದ್ದೆ. ಸಂಕ್ರಾಂತಿ ಕಳೆದ ವಾರದಲ್ಲಿ ಒಂದು ಮಧ್ಯಾಹ್ನ ಡ್ಯೂಟಿಯಿಂದ ಬೇಗ ಬಂದೆ. ಅವಳು ಕೂದಲು ಒರೆಸಿಕೊಳ್ಳುತ್ತ ನಿಂತಿದ್ದಳು. ಬಾಗಿಲು ತೆರೆದ ನನ್ನನ್ನು ಕಂಡು ಕಿರುಚಿ, ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡಳು. “ಯಾರೋ ಗಂಡಸು ಮನಿ ಹೊಕ್ಕಾನ್ರಿ, ಯಾರರ ಬರ್ರಿ!” ಎಂದು ಕೂಗಿದ್ದು ಇಡೀ ಓಣಿಗೆ ಕೇಳಿಸಿತು. ಮುಖ ನೋಡಿದರೆ ತಾನೇ ಗುರುತು ಸಿಗುವುದು. ಚಿಲಕ ಹಾಕಿದ ಬಾಗಿಲಿನಾಚೆ ಎಪ್ಪತ್ತು ಎಣಿಸಿ ಏನು ಪ್ರಯೋಜನ? ಪಕ್ಕದ ಮನೆಯ ಹೆಂಗಸರು ಬಂದು ಅವಳನ್ನು ಹೊರಗೆ ಕರೆದರು. ಅವರ ಸೆರಗಿನ ಮರೆಯಿಂದ ನನ್ನನ್ನೇ ನೋಡುತ್ತ, ನೋಡುತ್ತ, ಕೊನೆಗೆ ಅವಳಿಗೆ ಗುರುತು ಹತ್ತಿತು. ಆಗ ಅವಳ ಮುಖದಲ್ಲಿ ಬಂದ ನಾಚಿಕೆ! ಅವಳ ಭಯವನ್ನು ತಡೆದುಕೊಂಡಿದ್ದೆ, ಆ ನಾಚಿಕೆಯನ್ನು ತಡೆದುಕೊಳ್ಳಲಾಗಲಿಲ್ಲ.

ಮರುದಿನ ಹಗೇವಿನಲ್ಲಿ ಕೂತು ಟೈಪ್ ಮಾಡಿದೆ.

ಸಮೂಹ ಪಟ್ಟಿ ತೋರಿಸು

ಸ್ಕ್ರೀನು ಸಾಲು ಸಾಲಾಗಿ ತೋರಿಸಿತು.

ಸಮೂಹ 3. ಸದಸ್ಯರು 4212. ಮಿತಿ 12.
ಸಮೂಹ 7. ಸದಸ್ಯರು 11. ಮಿತಿ 120.

ಏಳನೇ ಗುಂಪು ಒಂಟಿಯಾಗಿದ್ದು, ಇನ್ನೂ ಕೈಯಾರೆ ಒಲೆ ಹಚ್ಚುವ, ಕತ್ತರಿ ಹಿಡಿಯುವ, ಹೊಲಿಗೆ ಯಂತ್ರ ತುಳಿಯುವವರದು. ಅವರಿಗೆ ನೆನಪು ತಡವಾಗಿ ಬಂದರೆ ಅಪಾಯ. ಗಂಡ ಜೊತೆಗಿರುವ ಕಸ್ತೂರಿಗೆ ಅಲ್ಲಿ ಪ್ರವೇಶವಿಲ್ಲ ಎಂಬುದು ನಿಯಮ. ಆ ಗುಂಪನ್ನು ಬೆಂಗಳೂರಿನವರೇ ಮಾಡಿಟ್ಟಿದ್ದರು, ನಾನು ಎಂದೂ ಮುಟ್ಟಿರಲಿಲ್ಲ. ಒಂಬತ್ತು ವರ್ಷ ನಾನು ಆಡಿಸಿದ್ದು ಮೂರನೇ ಗುಂಪನ್ನು. ಅಲ್ಲಿ ಹನ್ನೆರಡು ಎಂದರೆ ತಲಾ ಹನ್ನೆರಡು. ಒಬ್ಬರು ಹೊಸದಾಗಿ ಬಂದರೆ ಅವರ ಹನ್ನೆರಡು ಅವರಿಗೆ, ಉಳಿದವರಿಗೆ ಏನೂ ಕಡಿಮೆಯಾಗದು. ಏಳರಲ್ಲೂ ತಲಾ ನೂರಿಪ್ಪತ್ತು ಎಂದುಕೊಂಡೆ. ಬೆಂಕಿಯ ಜೊತೆ ಬದುಕುವವರಿಗೆ ಹತ್ತು ಪಟ್ಟು ಕೊಟ್ಟದ್ದು ನ್ಯಾಯವೇ. ಇನ್ನೊಬ್ಬಳು ಸೇರಿದರೆ ಯಾರ ಗಂಟೇನು ಹೋಗುತ್ತದೆ? ಪಟ್ಟಿಯ ಕಮಾಂಡಿನ ಕೊನೆಗೆ ‘ವಿವರ’ ಎಂಬ ಒಂದು ಪದ ಸೇರಿಸಿದ್ದರೆ ಪೂರ್ತಿ ತಿಳಿಯುತ್ತಿತ್ತು. ಅಷ್ಟು ತಿಳಿದವನಿಗೆ ವಿವರ ಯಾಕೆ ಎಂಬ ಸೊಕ್ಕು.

ಸಮೂಹ ಬದಲಿಸು 4471 ಇಂದ 3 ಗೆ 7

ಎಂಟರ್ ಒತ್ತಿದೆ. ‘ಆದೇಶ ಪಾಲಿಸಲಾಗಿದೆ’ ಎಂದಿತು ಯಂತ್ರ. ಅಷ್ಟೇ ಸುಲಭ.

ಸಂಜೆ ಮನೆಗೆ ಹೋದಾಗ ಬಾಗಿಲು ತೆರೆದವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಅಂಗಿ ಗುಂಡಿ ತಪ್ಪಿ ಹಾಕ್ಕೊಂಡು ದಿನಾ ಪೂರಾ ಹಿಂಗ ಅಡ್ಡ್ಯಾಡಿ ಬಂದ್ರೇನು?” ಎಂದಳು. ಎಣಿಸಲು ಶುರುಮಾಡಿದ್ದ ನನಗೆ ಹತ್ತು ಕೂಡ ದಾಟಿರಲಿಲ್ಲ. ಹೊಸ್ತಿಲಲ್ಲೇ ಕೂತುಬಿಟ್ಟೆ.

ಹತ್ತೊಂಬತ್ತು ದಿನ. ಮದುವೆಯಾದ ಹೊಸತರಲ್ಲೂ ನಾವು ಅಷ್ಟು ಮಾತಾಡಿರಲಿಲ್ಲ. ಅವಳು ನನ್ನ ಅಡುಗೆಯನ್ನು ಆಡಿಕೊಂಡಳು, ಕಪಾಟಿನ ಬಟ್ಟೆಯನ್ನೆಲ್ಲ ಕಿತ್ತುಹಾಕಿ ಮಡಿಚಿದಳು. ಒಂದು ಭಾನುವಾರ ಹಟ ಹಿಡಿದು ಮುಂಡರಗಿ ಬಸ್ಸು ಹತ್ತಿಸಿದಳು. ಈಗ ಬಸ್ಸಿನಲ್ಲಿ ಕಂಡಕ್ಟರ್ ಇಲ್ಲ, ಬಾಗಿಲಲ್ಲಿ ಮುಖ ನೋಡಿ ಟಿಕೆಟ್ ಕೊಡುವ ಒಂದು ಕಣ್ಣಿನ ಡಬ್ಬಿ ಇದೆ. ಕಸ್ತೂರಿ ಆ ಡಬ್ಬಿಯ ಪಕ್ಕದ ಕಂಬಕ್ಕೆ ಒರಗಿ, ಹತ್ತಿದವರನ್ನೆಲ್ಲ ಹೆಸರು ಹಿಡಿದು ಮಾತಾಡಿಸಿದಳು. “ಏ ಶಂಕ್ರವ್ವಾ, ಮೊಣಕಾಲ ಬ್ಯಾನಿ ಹೆಂಗೈತಿ?” ಒಬ್ಬ ಮುದುಕ ಅವಳ ಕೈ ಹಿಡಿದು ಅತ್ತೇಬಿಟ್ಟ. ನಾನು ಕಿಟಕಿಯ ಕಡೆ ತಿರುಗಿ ಕೂತೆ. ಜೀವಮಾನದಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಆ ಒಂದು ಸಾಲಿನ ಕಮಾಂಡು ಎಂದು ಅವತ್ತು ನಂಬಿದ್ದೆ.

ಇಪ್ಪತ್ತನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಹಗೇವಿನ ದೂರು ಕಿಟಕಿಗೆ ಇಬ್ಬರು ಬಂದರು. ಎಪ್ಪತ್ತರ ಆಸುಪಾಸಿನ ಒಬ್ಬರು, ತಲೆಗೆ ಬಿಳಿ ಟೋಪಿ, ಬಲಗೈಗೆ ಮಣಿಕಟ್ಟಿನವರೆಗೆ ಬ್ಯಾಂಡೇಜು. ಜೊತೆಗೆ ಮಗಳು. ಆಕೆ ಕಾರ್ಡನ್ನು ಮುಂದೆ ಮಾಡಿದಳು. ಖಾಜಾಸಾಬ ನದಾಫ್, ಡಂಬಳ. ಕಸುಬು ಗಾದಿ ಹೊಲಿಯುವುದು. ಸಮೂಹ 7.

“ಅಣ್ಣಾರ, ನಾ ರಹಮತಬಿ. ಕೊಪ್ಪಳದಾಗ ಇರತೇನ್ರಿ,” ಎಂದಳು. “ಅಪ್ಪ ಒಬ್ಬಾಂವ ಇದ್ರೂ ಇಷ್ಟ ದಿವಸ ಏನೂ ತ್ರಾಸ ಇರಲಿಲ್ರಿ. ಈಗ ಎರಡ ವಾರ ಆತು, ಭಾಳ ಮರಿಯಾಕತ್ತಾನ. ಮೊನ್ನೆ ಒಲಿ ಮ್ಯಾಲ ಹಂಚು ಇಟ್ಟಾನ, ಇಟ್ಟದ್ದು ನೆಪ್ಪಿಲ್ಲ. ಕಾದೈತೋ ಇಲ್ಲೋ ಅಂತ ಅಂಗೈ ಊರ್ಯಾನ. ಊರಿದ ಕೈ ತಕ್ಕೊಳ್ಳೂದೂ ಲಗೂ ಹೊಳೀಲಿಲ್ಲಂತ.”

ಖಾಜಾಸಾಬರು ಮಗಳ ಮಾತು ತಮ್ಮ ಬಗ್ಗೆ ಅಲ್ಲವೇನೋ ಎಂಬಂತೆ ನಿಧಾನ ನಗುತ್ತ ನಿಂತಿದ್ದರು.

“ಡಾಕ್ಟರ್ ರೋಗ ಮುಂದುವರದೈತಿ ಅಂದ್ರು. ಇನ್ನ ಒಬ್ಬಾಂವನ್ನ ಬಿಡಬ್ಯಾಡ್ರಿ ಅಂದ್ರು. ಅದಕ್ಕ ಸೂಜಿ, ಹತ್ತಿ ಎಲ್ಲಾ ಕೊಟ್ಟು ಮನಿ ಖಾಲಿ ಮಾಡ್ಸಿ ನನ್ನ ಕಡೆ ಕರ್ಕೊಂಡು ಹೋಗ್ತೇನ್ರಿ. ಒಂದ ಸಲ ನಿಮ್ಮ ಕಡಿಂದ ಏನರ ದೋಷ ಐತೇನು ನೋಡ್ರಿ ಅಂತ ಕೇಳಾಕ ಬಂದೆ. ದೋಷ ಇದ್ರ ಛಲೋ ಆಗತಿತ್ತು ನೋಡ್ರಿ.”

“ಮನಿ ಖಾಲಿ?” ಎಂದರು ಖಾಜಾಸಾಬರು, ಬಹಳ ಹೊತ್ತಿನ ಮೇಲೆ. “ಯಾರ ಮನಿ?”

ನೋಡಿ ತಿಳಿಸುತ್ತೇನೆ ಎಂದು ಅವರನ್ನು ಕಳಿಸಿ ಬಂದು ಕುರ್ಚಿಯಲ್ಲಿ ಕೂತೆ. ಅಕ್ಷರ ತಪ್ಪಿ ಎರಡು ಸಲ ‘ಆದೇಶ ಅಸಿಂಧು’ ಅನ್ನಿಸಿಕೊಂಡೆ.

ಸಮೂಹ ಪಟ್ಟಿ ತೋರಿಸು 7 ವಿವರ

ಮಿತಿ 120. ಮಿತಿಯ ವಿಧ: ಹಂಚಿಕೆ.

ತಲಾ ಅಲ್ಲ, ಹಂಚಿಕೆ. ಹನ್ನೊಂದು ಜನಕ್ಕೂ ಸೇರಿ ನೂರಿಪ್ಪತ್ತು. ಯಾಕೆ ಹಾಗೆ ಮಾಡಿದ್ದರೆಂಬುದು ಒಂದು ಕ್ಷಣದಲ್ಲಿ ತಿಳಿಯಿತು. ಒಲೆ ಹಚ್ಚುವ ಹೊತ್ತಿಗೆ ಒಬ್ಬರೇ ನೂರಿಪ್ಪತ್ತನ್ನೂ ಎಳೆದುಕೊಳ್ಳಲಿ, ಐದಾರು ಸೆಕೆಂಡು ಸಾಕು, ಆಮೇಲೆ ಇನ್ನೊಬ್ಬರು. ಒಂದೇ ನಲ್ಲಿಗೆ ಓಣಿಯ ಹೆಂಗಸರು ಸರತಿಯಲ್ಲಿ ಕೊಡ ಹಿಡಿದ ಹಾಗೆ. ಎಲ್ಲರೂ ತಮ್ಮ ಕೊಡ ತುಂಬಿದ ಮೇಲೆ ಸರಿಯುತ್ತಾರೆ ಎಂಬ ನಂಬಿಕೆಯ ಮೇಲೆ ನಿಂತ ಗುಂಪು ಅದು. ಅಲ್ಲಿಗೆ ನಾನು, ಯಾವ ಮುಖ ಕಂಡರೂ ಲಕ್ಷ ಮುಖ ತರಿಸಿಕೊಳ್ಳುವವಳನ್ನು ತಂದು ಕೂರಿಸಿದ್ದೆ.

ಒಬ್ಬೊಬ್ಬರು ಆ ಕ್ಷಣ ಎಳೆಯುತ್ತಿದ್ದ ವೇಗವೂ ಪಕ್ಕದಲ್ಲೇ ಇತ್ತು. ಕಸ್ತೂರಿ ಹೂಗಾರ, 97. ಖಾಜಾಸಾಬ ನದಾಫ್, 2. ಉಳಿದ ಹತ್ತು ಜನರಿಗೂ ಅಂಥದೇ ಪುಡಿ. ಅವರಲ್ಲಿ ಇನ್ನೂ ಯಾರ ಕೈ ಸುಟ್ಟಿದೆಯೋ, ದೂರು ಕೊಡಬೇಕೆಂಬುದೇ ಯಾರಿಗೆ ಮರೆತಿದೆಯೋ.

ಏಳರ ಮಿತಿಯನ್ನು 240ಕ್ಕೆ ಏರಿಸಲು ನೋಡಿದೆ. ‘ಕೇಂದ್ರದ ಒಟ್ಟು ಮಿತಿ ಮೀರಿದೆ’ ಎಂದಿತು. ಒಟ್ಟು ಮಿತಿ ಬೆಂಗಳೂರಿನ ಕೈಯಲ್ಲಿದೆ. ಹೆಚ್ಚು ಕೇಳಿ ನಾವು ಅರ್ಜಿ ಹಾಕಿ ಎರಡು ವರ್ಷವಾಗಿದೆ. ಕಸ್ತೂರಿಯೊಬ್ಬಳಿಗೇ ನಲವತ್ತರ ಮಿತಿ ಹಾಕಿ ಏಳರಲ್ಲೇ ಉಳಿಸಿದರೆ? ಖಾಜಾಸಾಬರಿಗೆ ಎರಡರ ಬದಲು ಏಳೋ ಎಂಟೋ ಸಿಕ್ಕೀತು. ಏಳಕ್ಕೆ ಕೈ ಸುಡುತ್ತದೋ ಇಲ್ಲವೋ ಎಂದು ಒಂದು ಕಾಗದದ ಮೇಲೆ ಲೆಕ್ಕ ಹಾಕುತ್ತ ಕೂತೆ. ಆ ಕಾಗದ ನೆನೆದರೆ ಈಗಲೂ ನನಗೆ ಹೇಸಿಗೆಯಾಗುತ್ತದೆ. ಅವತ್ತು ಏನನ್ನೂ ಬದಲಿಸದೆ ಮನೆಗೆ ಬಂದೆ.

ಕಸ್ತೂರಿ ಬದನೆಕಾಯಿ ಹೆಚ್ಚುತ್ತಿದ್ದವಳು ಈಳಿಗೆಯಿಂದ ತಲೆ ಎತ್ತಿದಳು.

“ಮಾರಿ ಯಾಕ ಹಂಗಾಗೇತಿ? ಏನ ಮಾಡಿ ಬಂದೀರಿ?”

ಏನಾಯಿತು ಎಂದು ಕೇಳಲಿಲ್ಲ, ಏನು ಮಾಡಿ ಬಂದಿರಿ ಎಂದು ಕೇಳಿದಳು. ಬಸ್ಸಿನ ಕೊನೆಯ ಸೀಟಿನಲ್ಲಿ ಟಿಕೆಟ್ ತೆಗೆಸದೆ ಕೂತವರನ್ನು ಬಾಗಿಲಿನಿಂದಲೇ ಹಿಡಿಯುತ್ತಿದ್ದ ಕಣ್ಣು ಅದು. ಎಲ್ಲವನ್ನೂ ಹೇಳಿದೆ. ಗುಂಪು, ಮಿತಿ, ಹಂಚಿಕೆ. ಅವಳಿಗೆ ಅದನ್ನು ತಿಳಿಯಲು ನನಗಿಂತ ಕಡಿಮೆ ಹೊತ್ತು ಸಾಕಾಯಿತು.

“ಯಾರಂದ್ರಿ ಅವ್ರು?”

“ಖಾಜಾಸಾಬ ನದಾಫ್ ಅಂತ.”

“ಗಾದಿ ಖಾಜಾಸಾಬ!” ಅವಳ ಮುಖ ಅರಳಿತು. “ಡಂಬಳದಾಗ ಹತ್ತತಿದ್ರು. ಹತ್ತಿ ಮೂಟಿ ಬಸ್ಸಿನ ಮ್ಯಾಲ ಏರ್ಸಾಕ ಡ್ರೈವರ್ ತಕರಾರ ಮಾಡಿದ್ರ, ತಾವ ಹೊತ್ಕೊಂಡು ಏರವ್ರು. ಕಿವಿಯಾಗ ಸದಾ ಅತ್ತರಿನ ಹತ್ತಿ. ಒಂದ ಸಲ ನನ್ನ ಪಾಳಿ ಒಳಗ ಹೆರಿಗಿ ಬ್ಯಾನಿ ತಿನ್ನೂ ಹುಡುಗಿ ಹತ್ತಿದ್ಲು ನೋಡ್ರಿ, ಮಾರಾಕ ಒಯ್ಯೂ ಹೊಸ ಗಾದಿ ಬಿಚ್ಚಿ ಹಾಸಿದ್ರು ಆಕಿಗೆ…”

ಅವಳ ಕೈ ಕಿವಿಯ ಹಿಂದೆ ಹೋಯಿತು. ನಾನು ಹೇಳಬೇಕಾಗಲಿಲ್ಲ. ಅವರನ್ನು ನೆನೆಯುತ್ತಿದ್ದ ಆ ಹೊತ್ತಿನಲ್ಲೂ ಅವಳು ಅವರ ಪಾಲನ್ನೇ ತಿನ್ನುತ್ತಿದ್ದಳು.

“ಈಗೂ?” ಎಂದಳು.

“ಹೂಂ. ಈಗೂ.”

ಅವಳು ಈಳಿಗೆ ಮಡಿಚಿ ಗೋಡೆಗೆ ಸರಿಸಿದಳು.

“ನಿನ್ನನ್ನ ಏಳರಾಗ ಬಿಟ್ಟು ಮಿತಿ ನಲವತ್ತಕ್ಕ ಇಳಸಬಹುದು,” ಎಂದೆ. “ಅವ್ರಿಗೂ ಒಂದಿಷ್ಟು…”

“ಬಾಣಂತ್ಯಾರ್ಗೆ ಇಟ್ಟ ಸೀಟಿನ ಮ್ಯಾಲ ಕುಂತಿದ್ರ ನಿಮ್ಮವ್ವನ್ನೂ ಎಬ್ಬಿಸೀನಿ ನಾ. ಅರ್ಧಾ ಸರಕೋರಿ ಅಂತ ಹೇಳಿಲ್ಲ.” ಆಮೇಲೆ ದನಿ ಇಳಿಸಿದಳು. “ನನಗ ಹೆದರಿಕಿ ಇಲ್ಲಂತಲ್ರಿ. ಬಚ್ಚಲದಾಗ ಚಿಲಕ ಹಾಕ್ಕೊಂಡಿದ್ದು ನೆಪ್ಪೈತಿ. ಈಗ ಎಲ್ಲಾ ನೆಪ್ಪೈತಿ, ಅದಕ್ಕ ಹೆದರಿಕಿ. ಆದ್ರ ಆ ಮನಷ್ಯಾ ತನ್ನ ಮನಿ ಯಾವುದಂತ ಕೇಳಾಕತ್ತಾರಲ್ಲ.”

ನನಗೆ ಸಿಟ್ಟು ಬಂತು. ಅವಳಿಗೆ ಈ ನ್ಯಾಯ ಹೇಳುವ ಶಕ್ತಿ ಕೊಟ್ಟದ್ದೇ ನನ್ನ ಕಳ್ಳತನ. ಹನ್ನೆರಡರಲ್ಲಿದ್ದಿದ್ದರೆ ಇದನ್ನೆಲ್ಲ ತೂಗಿ ನೋಡಲು ಅವಳಿಗೆ ಆಗುತ್ತಲೇ ಇರಲಿಲ್ಲ, ನಾನು ಹೇಳಿದ್ದಕ್ಕೆ ಹೂಂ ಎನ್ನುತ್ತಿದ್ದಳು. ಹಾಗೆಂದು ಬಾಯಿಬಿಟ್ಟು ಹೇಳಿಯೂಬಿಟ್ಟೆ.

“ಹೌದು,” ಎಂದಳು. “ಅದಕ್ಕ ಈಗ ಹೇಳಾಕತ್ತೇನಿ. ಆಮ್ಯಾಲೆ ಕೇಳಿದ್ರ ಹೇಳಾಕ ನಾ ಇರೂದಿಲ್ಲ.”

ಬೆಳಿಗ್ಗೆ ಡಂಬಳಕ್ಕೆ ಫೋನ್ ಮಾಡಿದೆ. ನಿಮ್ಮ ತಂದೆಯ ರೋಗ ಮುಂದುವರಿದಿಲ್ಲ, ತಪ್ಪು ನನ್ನದು, ಇವತ್ತು ಸರಿಯಾಗುತ್ತದೆ, ಮನೆ ಖಾಲಿ ಮಾಡಬೇಡಿ, ಬೆಂಗಳೂರಿಗೂ ಬರೆದು ತಿಳಿಸುತ್ತಿದ್ದೇನೆ ಎಂದೆ. ರಹಮತಬಿ ಬೈಯುತ್ತಾಳೆಂದು ಕಾದೆ. ಆಕೆ ಆ ಕಡೆಯಿಂದ, “ರೋಗ ಅಲ್ಲೇನ್ರಿ? ಖರೇನ ಅಲ್ಲೇನ್ರಿ?” ಎಂದು ಮೂರು ಸಲ ಕೇಳಿ ಅಳತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಕಸ್ತೂರಿ ಹಗೇವಿಗೆ ತಾನೂ ಬರುತ್ತೇನೆಂದಳು. ಹೊರಗಿನವರನ್ನು ಟರ್ಮಿನಲ್ ಕೋಣೆಗೆ ಬಿಡಬಾರದು. ಇಷ್ಟು ನಿಯಮ ಮುರಿದವನಿಗೆ ಇದೊಂದು ಹೆಚ್ಚಲ್ಲ. ಒಳ್ಳೆಯ ಇಳಕಲ್ ಸೀರೆ ಉಟ್ಟು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಕಪ್ಪು ಸ್ಕ್ರೀನನ್ನೇ ನೋಡಿದಳು.

“ಇಷ್ಟೇನು? ನಾ ಏನೋ ದೊಡ್ಡದು ಅಂದ್ಕೊಂಡಿದ್ನಿ.”

ಸಮೂಹ ಬದಲಿಸು 4471 ಇಂದ 7 ಗೆ 3

ಟೈಪ್ ಮಾಡಿ ನಿಲ್ಲಿಸಿದೆ. ಗುಂಪು ಬದಲಾಗುವಾಗ ಸಂಪರ್ಕ ನಾಲ್ಕು ಸೆಕೆಂಡು ಕಡಿದು, ಮತ್ತೆ ಹೊಸದಾಗಿ ಶುರುವಾಗುತ್ತದೆ ಎಂದು ಹೇಳಿದೆ.

“ಅಂದ್ರ ಮತ್ತ ನಿಮ್ಮನ್ನ ಹುಡುಕಬೇಕು.”

“ಎಪ್ಪತ್ತು ಎಣಿಸತೇನಿ. ಬರ್ತಿ.”

“ಬರತೇನಿ. ಆದ್ರ ಹಿಂಗ ಬರೂದಿಲ್ಲ.” ನನ್ನ ಅಂಗಿಯ ಕಾಲರು ಸರಿಮಾಡಿದಳು. “ನಿಮ್ಮ ಜೋಡಿ ಲಗ್ನ ಆಗಿ ನನಗ ಏನೂ ಕಡಿಮಿ ಆಗಿಲ್ರಿ. ಅದನ್ನ ಒಂದ ಸಲ ಪೂರಾ ತಲಿ ಇದ್ದಾಗ ಹೇಳಬೇಕಿತ್ತು, ಹೇಳಿದ್ನಿ. ಒತ್ರಿ ಇನ್ನ.”

ನನಗೆ ಆಗಲಿಲ್ಲ. ಕೈ ಕೀಲಿಮಣೆಯ ಮೇಲೆ ಹಾಗೇ ನಿಂತಿತು. ಅವಳೇ ನನ್ನ ಬೆರಳಿನ ಮೇಲೆ ಬೆರಳಿಟ್ಟು ಒತ್ತಿದಳು.

ಆದೇಶ ಪಾಲಿಸಲಾಗಿದೆ.

ಸ್ಕ್ರೀನಿನಲ್ಲಿ ಖಾಜಾಸಾಬರ ಹೆಸರಿನ ಮುಂದೆ ಎರಡು ಎಂದಿದ್ದದ್ದು ಒಂಬತ್ತಾಯಿತು, ಹದಿನಾಲ್ಕಾಯಿತು, ಮೂವತ್ತೊಂದಾಯಿತು. ಡಂಬಳದ ಆ ಮನೆಯಲ್ಲಿ ಒಬ್ಬ ಮನುಷ್ಯನಿಗೆ ತಾನು ಎಲ್ಲಿದ್ದೇನೆಂದು ತಿಳಿಯುತ್ತಿತ್ತು. ಸಂತೋಷಪಡಬೇಕಿತ್ತು. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಆಫೀಸಿನಲ್ಲಿದ್ದೇನೆಂಬ ಖಬರೂ ಇಲ್ಲದೆ, ದನಿ ತೆಗೆದು ಅತ್ತೆ.

ಪಕ್ಕದ ಕುರ್ಚಿ ಕಿರುಗುಟ್ಟಿತು.

“ಯಾಕ್ರೀ ಯಪ್ಪಾ? ಏನಾತ್ರಿ?”

ತಲೆ ಎತ್ತಿದೆ. ಕಸ್ತೂರಿ ಬಸ್ಸಿನಲ್ಲಿ ಸಂಕಟದಲ್ಲಿದ್ದ ಪ್ಯಾಸೆಂಜರನ್ನು ನೋಡುವ ಹಾಗೆ, ಮರುಕದಿಂದ, ಸ್ವಲ್ಪ ಅಂತರದಿಂದ ನೋಡುತ್ತಿದ್ದಳು.

“ಯಾರರ ಹೋಗ್ಯಾರೇನ್ರಿ?” ಎಂದು ಮೆಲ್ಲಗೆ ಕೇಳಿದಳು.

ಉತ್ತರ ಕೊಡಬಾರದೆಂಬುದು ನೆನಪಿತ್ತು. ಆದರೂ ಹೂಂ ಎಂದು ತಲೆಯಾಡಿಸಿದೆ.

“ಮನಿಯವ್ರೇನ್ರಿ?”

“ಹೌದ್ರಿ,” ಎಂದೆ. “ಮನಿಯವ್ರು.”

“ಅಯ್ಯ, ಶಿವನ.” ಅವಳು ತನ್ನ ಸೆರಗಿನ ತುದಿಯನ್ನು ನನ್ನ ಕೈಗೆ ಕೊಟ್ಟಳು. “ಒರೆಸ್ಕೋರಿ. ಭಾಳ ಛಲೋ ಇದ್ರು ಕಾಣಸತೈತಿ.”

ನಾನು ಮುಖ ಒರೆಸಿಕೊಂಡೆ. ಅವಳು ನನ್ನ ಮುಖ ಕಂಡು ಸ್ಕ್ರೀನಿನ ಮೂಲೆಯ ಗಡಿಯಾರದಲ್ಲಿ ಇನ್ನೂ ಇಪ್ಪತ್ತೆರಡು ಸೆಕೆಂಡಷ್ಟೇ ಆಗಿತ್ತು. ಗುರುತು ಸಿಕ್ಕಾಗ ನಾನು ಅಳುತ್ತಿರುವುದು ಅವಳಿಗೆ ಕಾಣಬಾರದು. ಅಷ್ಟರೊಳಗೆ ಅತ್ತು ಮುಗಿಸಬೇಕಾಗಿತ್ತು.